ಟೇಪು ಹಿಡಿದು ತೂಕ ನೋಡೋ ಮಹಾನುಭಾವರು

ಬೆಂಗಳೂರಿನ ಯಾವುದಾದರೂ ಗ್ಯಾರೇಜಿಗೆ ಹೋಗಿ "ಕಾರ್ನರ್ ಬ್ಯಾಲೆನ್ಸ್ ಮಾಡ್ತೀರಾ?" ಅಂತ ಕೇಳಿ ನೋಡಿ. "ವೀಲ್ ಬ್ಯಾಲೆನ್ಸಿಂಗಾ ಸಾರ್? ಅರ್ಧ ಗಂಟೆ, ಕೂತಿರಿ" ಅಂತಾರೆ. ಇವರ ಮೇಲೆ ನನಗೇನೂ ಸಿಟ್ಟಿಲ್ಲ. ಗೊತ್ತಿಲ್ಲ, ಅಷ್ಟೆ. ನನ್ನ ಸಿಟ್ಟೆಲ್ಲ "ಓ, ಮಾಡ್ತೀವಲ್ಲ ಸಾರ್!" ಅಂದು ಜೇಬಿನಿಂದ ಅಳತೆ ಟೇಪು ತೆಗೀತಾರಲ್ಲ, ಅವರ ಮೇಲೆ.

(ಇಲ್ಲಿಗೆ ಕವಿತೆ ಓದೋಕೆ ಬರೋ ಮಿತ್ರರು ಇವತ್ತೊಂದು ದಿನ ಸಹಿಸಿಕೊಳ್ಳಿ. ಇದು ಗ್ರೀಸು ಮೆತ್ತಿಕೊಂಡ ಪೋಸ್ಟು.)

ನನಗೆ ವರ್ಷಕ್ಕೆ ಒಂದೆರಡು ಸಲ ನನ್ನ ಹಳೇ ಸ್ವಿಫ್ಟನ್ನು ಟ್ರ್ಯಾಕಿನ ಮೇಲೆ ಓಡಿಸೋ ಹುಚ್ಚು. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಇದೆ, 1990ರಿಂದ ನಡೀತಿರೋದು. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, 2003ರದ್ದು. ಮಾರುತಿ ಎಂಜಿನ್ನಿಟ್ಟು ಕಡಿಮೆ ಖರ್ಚಿನ ರೇಸ್ ಕಾರು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರು ಆ ಟ್ರ್ಯಾಕಿಗೆ. 2018ರಲ್ಲಿ ಮೂರು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಕಾಯಿಲ್‌ಓವರ್ ಸಸ್ಪೆನ್ಷನ್ ಹಾಕಿಸಿದೆ. ಸ್ಪ್ರಿಂಗಿನ ಕೆಳಗಿರೋ ಕಾಲರನ್ನು ತಿರುಗಿಸಿ ಗಾಡಿಯ ಪ್ರತಿ ಮೂಲೆಯನ್ನೂ ಬೇರೆಬೇರೆಯಾಗಿ ಏರಿಸಬಹುದು, ಇಳಿಸಬಹುದು. ಹೆಸರು ಹೇಳಲ್ಲ, ಹಾಕಿಕೊಟ್ಟ ಗ್ಯಾರೇಜಿನವರು "ಫುಲ್ ಟ್ರ್ಯಾಕ್ ಸೆಟಪ್" ಅಂತ ಬೇರೆಯಾಗಿಯೇ ಬಿಲ್ ಹಾಕಿದರು. ಆ ಸೆಟಪ್ ಏನು ಅಂದರೆ, ಟೈರು ಮತ್ತು ಫೆಂಡರಿನ ನಡುವಿನ ಗ್ಯಾಪನ್ನು ನಾಲ್ಕೂ ಕಡೆ ಟೇಪಿನಲ್ಲಿ ಅಳೆದು ಒಂದೇ ಸಮ ಮಾಡಿದ್ದು. ನೋಡೋಕೆ ಏನು ಚೆನ್ನಾಗಿತ್ತು ಗೊತ್ತಾ! ಫೋಟೋ ಕೂಡ ತೆಗೆದಿದ್ದೆ.

ಮುಂದಿನ ಟ್ರ್ಯಾಕ್ ಡೇನಲ್ಲಿ ಗಾಡಿ ಎಡಕ್ಕೆ ತಿರುಗು ಅಂದರೆ ಮೊಂಡು ಎತ್ತಿನ ಹಾಗೆ ನೇರ ಹೋಗೋದು. ಬಲಕ್ಕೆ ತಿರುಗುವಾಗ ಆಕ್ಸಿಲರೇಟರಿನಿಂದ ಕಾಲು ಚೂರು ಎತ್ತಿದರೆ ಸಾಕು, ಬಾಲ ಬೀಸೋದು. ಬ್ರೇಕು ಒತ್ತಿದರೆ ಮುಂದಿನ ಎಡಗಾಲೇ ಮೊದಲು ಲಾಕ್ ಆಗೋದು (ನನ್ನ ಗಾಡಿಗೆ ಎಬಿಎಸ್ ಇಲ್ಲ). ಮಧ್ಯಾಹ್ನದ ಹೊತ್ತಿಗೆ ಒಂದು ಬಲ ತಿರುವಿನಲ್ಲಿ ಎರಡು ಸುತ್ತು ಬುಗುರಿಯಾಗಿ ಹುಲ್ಲಿಗೆ ಹೋಗಿ ನಿಂತೆ. ಹಿಂದೆ ಬರ್ತಿದ್ದವನು ಪುಣ್ಯಾತ್ಮ, ತಪ್ಪಿಸಿಕೊಂಡ. ಗ್ಯಾರೇಜಿಗೆ ಫೋನ್ ಮಾಡಿದರೆ ಉತ್ತರ: "ಸೆಟಪ್ ಪರ್ಫೆಕ್ಟ್ ಇದೆ ಸಾರ್, ಡ್ರೈವಿಂಗ್ ನೋಡ್ಕೊಳಿ."

ನಾನು ನಂಬಿದೆ ಕಣ್ರೀ! ಒಂದೂವರೆ ವರ್ಷ ನಂಬಿದೆ. ನನ್ನ ಕೈಯೇ ಸರಿಯಿಲ್ಲ, ವಯಸ್ಸಾಯ್ತು, ಇದೆಲ್ಲ ನಮ್ಮಂಥವರಿಗಲ್ಲ ಅಂದುಕೊಂಡು ಗಾಡಿ ಮಾರೋಕೂ ಹೊರಟಿದ್ದೆ.

ಈಗ ಸ್ವಲ್ಪ ಲೆಕ್ಕಕ್ಕೆ ಬರೋಣ. ದರ್ಶಿನಿಯಲ್ಲಿ ಕಾಫಿ ಇಟ್ಟ ತಕ್ಷಣ ಲಟಕ್ ಅನ್ನೋ ಟೇಬಲ್ಲು ನೋಡಿರ್ತೀರಿ. ನಾಲ್ಕು ಕಾಲಲ್ಲಿ ಒಂದು ಉದ್ದ ಇದ್ದರೆ ಆ ಕಾಲು ಮತ್ತು ಅದರ ಓರೆ ಎದುರಿನ ಕಾಲು, ಇವೆರಡೇ ಭಾರ ಹೊರ್ತವೆ. ಉಳಿದೆರಡು ನೆಲ ಮುಟ್ಟಿದಂತೆ ನಾಟಕ ಆಡ್ತವೆ. ಟೇಬಲ್ಲಾದರೆ ಅಲ್ಲಾಡಿ ಹೇಳಿಬಿಡುತ್ತೆ. ಕಾರಿಗೆ ಸ್ಪ್ರಿಂಗ್ ಇರೋದರಿಂದ ಅದು ಅಲ್ಲಾಡಲ್ಲ, ಗುಟ್ಟನ್ನು ಒಳಗೇ ಇಟ್ಟುಕೊಳ್ಳುತ್ತೆ. ಒಂದು ಮೂಲೆಯ ಕಾಲರ್ ಏರಿಸಿದರೆ ಆ ಚಕ್ರದ ಮೇಲೂ ಅದರ ಓರೆ ಚಕ್ರದ ಮೇಲೂ ಭಾರ ಏರುತ್ತೆ, ಇನ್ನೊಂದು ಓರೆ ಜೋಡಿಯ ಮೇಲೆ ಅಷ್ಟೇ ಇಳಿಯುತ್ತೆ. ಎಷ್ಟು ಅಂತೀರಾ? ನಾಲ್ಕೂ ಚಕ್ರದ ಬಳಿ ಸ್ಪ್ರಿಂಗಿನ ಗಡಸುತನ ಮಿ.ಮೀ.ಗೆ 2 ಕೆಜಿ ಇದ್ದರೆ, ಒಂದು ಮೂಲೆ 8 ಮಿ.ಮೀ. ಎತ್ತಿದಾಗ ಆ ಚಕ್ರಕ್ಕೆ 4 ಕೆಜಿ ಹೆಚ್ಚಾಗುತ್ತೆ. ಗಡಸುತನ 6 ಕೆಜಿ ಆದರೆ ಅದೇ 8 ಮಿ.ಮೀ.ಗೆ 12 ಕೆಜಿ. ಕಂಪನಿಯ ಮೆತ್ತನೆ ಸ್ಪ್ರಿಂಗು ತಪ್ಪನ್ನು ನುಂಗಿಕೊಳ್ತಿತ್ತು. ನಾವು ದುಡ್ಡು ಕೊಟ್ಟು ಗಟ್ಟಿ ಸ್ಪ್ರಿಂಗ್ ಹಾಕಿಸಿ, ಆ ತಪ್ಪಿಗೆ ಮೂರು ಪಟ್ಟು ಬಲ ಕೊಟ್ಟೆವು.

ಟೇಪಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಅದು ಅಳೆಯೋದು ತಗಡನ್ನು. ನನ್ನ ಗಾಡಿಯ ಮುಂದಿನ ಬಲ ಫೆಂಡರು ಹಿಂದೊಮ್ಮೆ ಬಸ್ಸು ಉಜ್ಜಿ ಬದಲಾಯಿಸಿದ್ದು. ಕೂರಿಸಿದವನು ಒಂಚೂರು ಕೆಳಗೇ ಕೂರಿಸಿದ್ದ. ಹಾಗಾಗಿ ಅಲ್ಲಿ ಗ್ಯಾಪು ಕಡಿಮೆ ಕಾಣ್ತು, ಇವರು ಆ ಮೂಲೆಯನ್ನು ಮೇಲೆತ್ತಿ "ಸಮ" ಮಾಡಿದರು!

ಸತ್ಯ ಹೊರಬಿದ್ದಿದ್ದು ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಸರಿಯಾದ ನಾಲ್ಕು ತಕ್ಕಡಿಗಳ ಸೆಟ್ಟು ಕೊಳ್ಳೋ ಶಕ್ತಿ ನನಗಿರಲಿಲ್ಲ. ಬಚ್ಚಲುಮನೆಯ ಪಕ್ಕ ಇಟ್ಟುಕೊಳ್ಳೋ ತೂಕದ ಮೆಷಿನ್ನು ನಾಲ್ಕು ಹೊಂದಿಸಿದೆ. ಅವು 150 ಕೆಜಿಗಿಂತ ಹೆಚ್ಚು ತಡೆಯಲ್ಲ, ಅದಕ್ಕೆ ಸ್ಕೂಲಿನ ಸನ್ನೆಗೋಲಿನ ಪಾಠ ನೆನಪಿಸಿಕೊಂಡೆ. ದಪ್ಪ ಮರದ ಹಲಗೆಯ ಒಂದು ತುದಿ ಅಷ್ಟೇ ಎತ್ತರದ ದಿಮ್ಮಿ ಮೇಲೆ, ಇನ್ನೊಂದು ತುದಿ ಮೆಷಿನ್ನಿನ ಮೇಲೆ. ಚಕ್ರ ದಿಮ್ಮಿಯಿಂದ ಮೂರನೇ ಒಂದು ದೂರದಲ್ಲಿ ನಿಂತರೆ ಮೆಷಿನ್ನು ತೋರಿಸೋದು ಭಾರದ ಮೂರನೇ ಒಂದು. ಮೂರರಿಂದ ಗುಣಿಸಿಕೊಂಡರಾಯ್ತು. ಬೇಸ್‌ಮೆಂಟಿನ ನೆಲ ಚರಂಡಿ ಕಡೆ ಇಳಿಜಾರು. ಮೇಸ್ತ್ರಿಗಳು ನೀರು ತುಂಬಿದ ಪೈಪು ಹಿಡಿದು ಲೆವೆಲ್ ನೋಡ್ತಾರಲ್ಲ, ಅದೇ ಪೈಪಿನಲ್ಲಿ ನಾಲ್ಕೂ ಹಲಗೆಗಳನ್ನು ಸಮ ಮಾಡಿದೆ. ಇದನ್ನು ಬಿಟ್ಟರೆ ಉಳಿದಿದ್ದೆಲ್ಲ ವ್ಯರ್ಥ, ನೆಲ ಕೆಲವು ಮಿ.ಮೀ. ಓರೆ ಇದ್ದರೂ ತಕ್ಕಡಿ ಸುಳ್ಳು ಹೇಳುತ್ತೆ. ಟೈರಿನ ಗಾಳಿ ಸರಿ ಮಾಡಿ, ಪೆಟ್ರೋಲು ಓಡಿಸೋವಾಗ ಇರೋವಷ್ಟೇ ಇಟ್ಟು, ಮುಂದಿನ ಆಂಟಿ ರೋಲ್ ಬಾರಿನ ಒಂದು ಕಡೆಯ ಲಿಂಕು ಬಿಚ್ಚಿದೆ. (ಸ್ವಿಫ್ಟಿನ ಹಿಂದಿನ ಟಾರ್ಷನ್ ಬೀಮ್ ತಾನೇ ಒಂದು ರೋಲ್ ಬಾರು, ಅದನ್ನು ಬಿಚ್ಚೋ ಹಾಗಿಲ್ಲ.) ಡ್ರೈವರ್ ಸೀಟಿನಲ್ಲಿ ನನ್ನ ಬದಲು 25 ಕೆಜಿಯ ಮೂರು ಅಕ್ಕಿ ಮೂಟೆ. "ಅಕ್ಕಿಗೆ ಬೆಲ್ಟ್ ಹಾಕಲ್ವಾ ಸಾರ್?" ಅಂದ ಸೆಕ್ಯುರಿಟಿಯವನು.

ಮುಂದೆ ಎಡ 300, ಮುಂದೆ ಬಲ 350. ಹಿಂದೆ ಎಡ 220, ಹಿಂದೆ ಬಲ 190. ಒಟ್ಟು 1060. ಮುಂದಿನ ಬಲ, ಹಿಂದಿನ ಎಡ ಕೂಡಿಸಿ: 570. ಅಂದರೆ ಒಂದು ಓರೆ ಜೋಡಿಯ ಮೇಲೆ ನೂರಕ್ಕೆ 53.8. ಎಡ ತಿರುವಿನಲ್ಲಿ ಹೊರಗಿನ ಮುಂಚಕ್ರಕ್ಕೆ ಹೊರಲಾರದ ಭಾರ, ಅದಕ್ಕೇ ಮೊಂಡುತನ. ಬಲ ತಿರುವಿನಲ್ಲಿ ಅದೇ ಪಾಡು ಹೊರಗಿನ ಹಿಂಚಕ್ರದ್ದು, ಬಾಲ ಬೀಸೋದು ಅದಕ್ಕೆ. ಮುಂದಿನ ಎಡಚಕ್ರ ಹಗುರ, ಲಾಕ್ ಆಗೋದೂ ಅದೇ ಮೊದಲು. ಒಂದೂವರೆ ವರ್ಷ ನನ್ನ ಕೈಯನ್ನು ಬೈದುಕೊಂಡಿದ್ದೆನಲ್ಲ, ಕಾಗದದ ಮೇಲಿನ ಆ ಅಂಕಿ ನೋಡಿ ಗಂಟಲು ಕಟ್ಟಿತು.

ಎರಡು ಮೂಲೆ ಇಳಿಸಿ, ಎರಡು ಮೂಲೆ ಏರಿಸಿ, ಪ್ರತಿ ಸಲ ಗಾಡಿಯನ್ನು ಕುಲುಕಿ ಕೂರಿಸಿ ಮತ್ತೆ ತೂಗಿ... ಎರಡು ಭಾನುವಾರ ಹಿಡೀತು. ಕೊನೆಗೆ 320, 330, 200, 210ರ ಆಸುಪಾಸಿಗೆ ತಂದೆ. ಯಾವ ಮೂಲೆಯೂ ಐದಾರು ಮಿ.ಮೀ.ಗಿಂತ ಹೆಚ್ಚು ಅಲುಗಲಿಲ್ಲ. ಎತ್ತರ ಬದಲಾದರೆ ಟೋ, ಕ್ಯಾಂಬರ್ ಕೂಡ ಬದಲಾಗುತ್ತೆ, ಆದ್ದರಿಂದ ಆಮೇಲೆ ಅಲೈನ್‌ಮೆಂಟು ಇನ್ನೊಮ್ಮೆ. ಗಮನಿಸಿ, ಎಡದ ಒಟ್ಟು ಆಗಲೂ 520, ಈಗಲೂ 520. ಮುಂದಿನದು ಆಗಲೂ ಈಗಲೂ 650. ಕಾಲರ್ ತಿರುಗಿಸಿ ಎಡ-ಬಲ, ಹಿಂದು-ಮುಂದಿನ ಪಾಲು ಬದಲಿಸ್ತೀನಿ ಅನ್ನೋರು ನಿಮಗೆ ಟೋಪಿ ಹಾಕ್ತಿದ್ದಾರೆ. ಅದಕ್ಕೆ ಭಾರವನ್ನೇ ಎತ್ತಿ ಬೇರೆ ಕಡೆ ಇಡಬೇಕು: ಬ್ಯಾಟರಿ ಹಿಂದಕ್ಕೆ ಒಯ್ಯಬೇಕು, ಸ್ಟೆಪ್ನಿ ಇಳಿಸಬೇಕು, ಇಲ್ಲಾ ಡ್ರೈವರು ರಾತ್ರಿಯೂಟ ಬಿಡಬೇಕು.

"ರೇಸ್ ಟೀಮಿನವರಿಗೆ ಬೇಕು, ನಮ್ಮಂಥ ಹವ್ಯಾಸಿಗಳಿಗೆ ಯಾಕೆ?" ಅನ್ನೋ ಗೆಳೆಯರಿದ್ದಾರೆ. ಕಂಪನಿ ಸ್ಪ್ರಿಂಗ್ ಇದ್ದರೆ ನಿಜಕ್ಕೂ ಬೇಡ, ಅದರಲ್ಲಿ ತಿರುಗಿಸೋಕೆ ಏನೂ ಇಲ್ಲ. ಆದರೆ ಕಾಲರ್ ಮುಟ್ಟಿದ ದಿನದಿಂದ ಬೇಕು. ನನಗಂತೂ ಉಲ್ಟಾ ಅನಿಸುತ್ತೆ. ನುರಿತ ರೇಸರ್ ಗಾಡಿ ಓರೆ ಇದೆ ಅಂತ ಎರಡನೇ ಲ್ಯಾಪಿನಲ್ಲೇ ಹೇಳ್ತಾನೆ. ನಮ್ಮಂಥವರು ನಮ್ಮನ್ನೇ ಬೈದುಕೊಳ್ತೀವಿ.

ಇನ್ನೊಂದು ಪಂಥ ಇದೆ, 50.0 ಬಂದರೇನೇ ಊಟ ಮಾಡೋರು. ಅವರಲ್ಲಿ ಕೆಲವರು ಡ್ರೈವರ್ ಸೀಟು ಖಾಲಿ ಬಿಟ್ಟು ತೂಗ್ತಾರೆ! ಆಮೇಲೆ ತಾವು ಹೋಗಿ ಬಲಗಡೆ ಕೂತ್ಕೊಂಡಾಗ ಆ ಸೊನ್ನೆ ಎಲ್ಲಿಗೆ ಹೋಯ್ತೋ. ಅಲ್ಲದೆ ಐವತ್ತೇನು ದೇವರ ಅಂಕಿಯಲ್ಲ. ಅಮೆರಿಕದ ನ್ಯಾಸ್ಕಾರ್ ಓವಲ್‌ಗಳಲ್ಲಿ ತಿರುವೆಲ್ಲ ಎಡಕ್ಕೇ, ಅಲ್ಲಿ ಇದನ್ನು ವೆಜ್ ಅಂತಾರೆ, ಬೇಕೆಂದೇ ಓರೆ ಇಡ್ತಾರೆ. ಪಿಟ್‌ನಲ್ಲಿ ಹಿಂದಿನ ಗಾಜಿನ ಹತ್ತಿರ ಉದ್ದದ ವ್ರೆಂಚ್ ತೂರಿಸಿ ತಿರುಗಿಸೋದು ಅದಕ್ಕೇ. ನಮ್ಮ ಟ್ರ್ಯಾಕುಗಳಲ್ಲಿ ಎರಡೂ ಕಡೆ ತಿರುವಿದೆ, ಐವತ್ತರ ಹತ್ತಿರ ಇದ್ದರೆ ಎರಡೂ ಕಡೆ ಒಂದೇ ರೀತಿ ನಡ್ಕೊಳ್ಳುತ್ತೆ. ನನಗೆ ಬೇಕಿದ್ದಿದ್ದೂ ಅಷ್ಟೇ. ನಿಜ ಹೇಳಬೇಕು ಅಂದರೆ ಲ್ಯಾಪ್ ಟೈಮು ಹೇಳಿಕೊಳ್ಳೋವಷ್ಟು ಇಳಿಯಲಿಲ್ಲ. ಆದರೆ ಅದೇ ಬಲ ತಿರುವಿಗೆ ಬಂದಾಗ ಈಗ ಹೊಟ್ಟೆ ಕಲಸೋದಿಲ್ಲ.

ಆ ಕಾಗದ ತಗೊಂಡು ಗ್ಯಾರೇಜಿಗೂ ಹೋದೆ. ಓನರ್ ಅಂಕಿಗಳ ಮೇಲೆ ಕಣ್ಣೂ ಹಾಯಿಸಲಿಲ್ಲ. ಹೊರಗೆ ಬಂದು ಗಾಡಿ ಸುತ್ತ ಒಂದು ರೌಂಡು ಹೊಡೆದು, ಮುಂದಿನ ಬಲಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಗ್ಯಾಪಿನಲ್ಲಿ ಎರಡು ಬೆರಳಿಟ್ಟು, "ಛೆ ಛೆ, ಯಾರ್ ಸಾರ್ ಹಿಂಗ್ ಹಾಳ್ ಮಾಡಿದ್ದು? ಒಂದ್ ಕಡೆ ಇಳ್ದೋಗಿದೆ. ಬಿಟ್ಟೋಗಿ, ಸಂಜೆಗೆ ಸಮ ಮಾಡಿಕೊಡ್ತೀನಿ" ಅಂದ.