ಜೀವಾಪಾಯದ ವಿನಾಯಿತಿ ಯಾರನ್ನು ಕಾಯುತ್ತದೆ?

ಟೆಕ್ಸಾಸ್ ರಾಜ್ಯದ ಗರ್ಭಪಾತ ನಿಷೇಧದಲ್ಲಿ ತಾಯಿಯ ಜೀವಾಪಾಯಕ್ಕೆ ವಿನಾಯಿತಿ ಇರುವುದರಿಂದ ಹೆಣ್ಣಿನ ಹಕ್ಕಿಗೆ ಧಕ್ಕೆಯಿಲ್ಲವೆಂಬ ಪ್ರಕಟಿತ ವಾದವು, ಕಾನೂನು ಆಸ್ಪತ್ರೆಯೊಳಗೆ ಹೇಗೆ ನಡೆಯುತ್ತದೆಂಬುದನ್ನು ಗಮನಿಸಿಯೇ ಇಲ್ಲ. ಗರ್ಭಪಾತವನ್ನು ಸಾಂವಿಧಾನಿಕ ಹಕ್ಕೆಂದು 1973ರಲ್ಲಿ ಮಾನ್ಯ ಮಾಡಿದ್ದ ಅಮೆರಿಕದ ಸುಪ್ರೀಂ ಕೋರ್ಟಿನ ರೋ ತೀರ್ಪು 2022ರಲ್ಲಿ ರದ್ದಾದ ಮೇಲೆ ಜಾರಿಗೆ ಬಂದ ಟೆಕ್ಸಾಸಿನ ಕಾಯಿದೆಯು ತಪ್ಪಿದ ವೈದ್ಯರಿಗೆ ಜೀವಾವಧಿಯವರೆಗಿನ ಸೆರೆವಾಸವನ್ನೂ ಕನಿಷ್ಠ 1,00,000 ಡಾಲರ್ ದಂಡವನ್ನೂ ಗೊತ್ತುಪಡಿಸಿರುವಾಗ, ಅಪಾಯ ಕಣ್ಣಿಗೆ ಕಾಣುವಷ್ಟು ಬೆಳೆಯುವವರೆಗೆ ವೈದ್ಯರು ಕಾಯುವುದು ಸಹಜವೇ ಆಗುತ್ತದೆ. ಆ ಕಾಯುವಿಕೆಯ ಬೆಲೆಯನ್ನು ಕರ್ನಾಟಕ ಬಲ್ಲದು: ಬೆಳಗಾವಿಯ ಸವಿತಾ ಹಾಲಪ್ಪನವರ, ಇಂಥದೇ ವಿನಾಯಿತಿಯಿದ್ದ ಐರ್ಲೆಂಡಿನಲ್ಲಿ, 17 ವಾರದ ಗರ್ಭ ಉಳಿಯದೆಂದು ತಿಳಿದಿದ್ದರೂ ಭ್ರೂಣದ ಹೃದಯ ಮಿಡಿಯುತ್ತಿದೆಯೆಂಬ ಕಾರಣಕ್ಕೆ ಗರ್ಭಪಾತ ದೊರೆಯದೆ, ಸೆಪ್ಸಿಸ್‌ನಿಂದ, ಅಂದರೆ ಸೋಂಕಿಗೆ ದೇಹವಿಡೀ ತತ್ತರಿಸಿ ಅಂಗಾಂಗಗಳು ಸೋಲುವ ಸ್ಥಿತಿಯಿಂದ, 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಐರ್ಲೆಂಡಿನ ಜನರು ತಮ್ಮ ಸಂವಿಧಾನದಿಂದ ಗರ್ಭಪಾತ ನಿಷೇಧವನ್ನು ತೆಗೆದುಹಾಕಲು ಮತ ಹಾಕಿದ್ದು 2018ರಲ್ಲಿ.