ಮ್ಯೂಸಿಯಂ ಅಂದ್ರೆ ಗಾಜಿನ ಡಬ್ಬಿನಾ?

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆದ ಮ್ಯಾಪ್ ಕಲಾ ಮ್ಯೂಸಿಯಂ ನೋಡಿದ ನನ್ನ ಗೆಳೆಯರಲ್ಲಿ ಎರಡು ಪಂಗಡ. "ಏನ್ ಸೂಪರ್ ಕಟ್ಟಡ" ಅನ್ನೋರು ಕೆಲವರು, "ಸ್ಟೀಲ್ ಡಬ್ಬಿ, ಕಿಟಕಿನೇ ಇಲ್ಲ" ಅಂತ ಮೂಗು ಮುರಿಯೋರು ಉಳಿದವರು. ನಾನು ಡಬ್ಬಿ ಪಾರ್ಟಿ :) ಅಂದ್ರೆ, ಡಬ್ಬಿ ಆಗಿರೋದೇ ಸರಿ ಅನ್ನೋನು.

ಅದನ್ನ ವಿನ್ಯಾಸ ಮಾಡಿದ್ದು ಮ್ಯಾಥ್ಯೂ ಅಂಡ್ ಘೋಷ್ ಸಂಸ್ಥೆ. ಹಳೇ ಕಾಲದ ಉಕ್ಕಿನ ನೀರಿನ ಟ್ಯಾಂಕುಗಳೇ ಅವರಿಗೆ ಸ್ಫೂರ್ತಿ. ನೀರು ಕಾಯೋ ಹಾಗೆ ಕಲೆಯನ್ನ ಕಾಯೋ ತೊಟ್ಟಿ! ಬಣ್ಣ, ಕಾಗದ, ಹಳೇ ಫೋಟೋ ಎಲ್ಲಕ್ಕೂ ಬೆಳಕೇ ಶತ್ರು. ಒಮ್ಮೆ ಮಾಸಿದ ಬಣ್ಣ ಮತ್ತೆ ಬರಲ್ಲ. ಗಾಜಿನ ಗೋಡೆ ಕಟ್ಟಿ, ಆಮೇಲೆ ದಿನವಿಡೀ ಪರದೆ ಎಳೆದು, ಮಟಮಟ ಮಧ್ಯಾಹ್ನ ಟ್ಯೂಬ್‌ಲೈಟ್ ಹಾಕೋ ಬುದ್ಧಿವಂತಿಕೆ ನಮ್ಮ ಸಾಫ್ಟ್‌ವೇರ್ ಆಫೀಸುಗಳಿಗೇ ಸಾಕು.

ಹಾಗಂತ ಅದೇ ಸ್ಟೀಲ್ ಡಬ್ಬಿಯನ್ನ ಕಲಬುರಗಿಗೆ ತಂದಿಡಿ ಅಂತಿಲ್ಲ. ನಮ್ಮೂರ ಬಿಸಿಲು ನಿಮಗೆ ಗೊತ್ತಲ್ಲ! ಎಸ್.ಎಂ. ಪಂಡಿತರು 1916ರಲ್ಲಿ ಹುಟ್ಟಿದ ಊರಿದು. ಸಿನಿಮಾ ಪೋಸ್ಟರ್, ಕ್ಯಾಲೆಂಡರ್‌ಗಳಿಂದ ದೇಶದ ಮನೆಮನೆಗೂ ತಲುಪಿದವರು. ಅವರ ಹೆಸರಲ್ಲಿ ರಂಗಮಂದಿರ ಇದೆ, ಸಂತೋಷ. ಆದ್ರೆ ಚಿತ್ರಕಾರನ ಹೆಸರಿಗೆ ಒಪ್ಪೋದು ಚಿತ್ರಗಳಿಗಾಗಿಯೇ ಕಟ್ಟಿದ ದೊಡ್ಡ ಕಟ್ಟಡ. ನಮ್ಮ ಸರ್ಕಾರಿ ಮ್ಯೂಸಿಯಂಗೆ ಜಾಗ ಕೊಟ್ಟಿದ್ದು ಬಹಮನಿ ಕಾಲದ ಗೋರಿಗಳು. ಆ ದಪ್ಪ ಗೋಡೆಗಳ ನಡುವೆ ಕಲ್ಲಿನ ಶಿಲ್ಪ ಆರಾಮಾಗಿರುತ್ತೆ. ದೊಡ್ಡ ಕ್ಯಾನ್ವಾಸಿಗೆ ಬೇಕಾದ್ದು ಉದ್ದನೆಯ ಗೋಡೆ, ದೂರ ನಿಂತು ನೋಡೋಕೆ ಜಾಗ.

ಅಂಥದ್ದು ಕಟ್ಟೋ ದಿನ ಬಂದ್ರೆ ಆರ್ಕಿಟೆಕ್ಟ್ ಮೊದಲು ಕೋಟೆಯೊಳಗಿನ 1367ರ ಜಾಮಿ ಮಸೀದಿಗೆ ಹೋಗಿ ಬರಲಿ. ಸಾಮಾನ್ಯವಾಗಿ ಮಸೀದಿಗಳಲ್ಲಿ ತೆರೆದ ಅಂಗಳ ಇರುತ್ತೆ, ಇಲ್ಲಿ ಇಲ್ಲ. ಪೂರ್ತಿ ಸೂರು. ಸುತ್ತಲಿನ ಅಗಲ ಕಮಾನುಗಳಿಂದ ಬೆಳಕು ಓರೆಯಾಗಿ ಬಂದು, ಕಂಬದಿಂದ ಕಂಬಕ್ಕೆ ಮೆತ್ತಗಾಗುತ್ತಾ ಒಳಗೆ ಹೋಗುತ್ತೆ. ಹಾಗೇ ಸುತ್ತ ನೆರಳಿನ ಓಣಿ, ನಡುವೆ ಮುಚ್ಚಿದ ಗ್ಯಾಲರಿ ಮಾಡಬಹುದಲ್ವಾ? ನೆಲಕ್ಕೆ ಇಟಾಲಿಯನ್ ಮಾರ್ಬಲ್ ಯಾಕೆ? ಮೇ ತಿಂಗಳ ಮಧ್ಯಾಹ್ನ ಜೇವರ್ಗಿ ಕಾಲೋನಿಯ ನಮ್ಮ ಮನೇಲಿ ಎಲ್ಲರೂ ಹಾಸಿಗೆ ಬಿಟ್ಟು ಉರುಳೋದು ಶಹಾಬಾದ್ ಫರಸಿ ಮೇಲೇ.

ಬೆಂಗಳೂರಿನಿಂದ ನಾವು ಕಲೀಬೇಕಾದ್ದು ಸ್ಟೀಲನ್ನಲ್ಲ, ಒಳಗೇನು ಇಡ್ತೀವಿ ಅಂತ ಮೊದಲು ಯೋಚಿಸೋದನ್ನ. ಹೊರಗಿನ ಫೋಟೋ ಚೆನ್ನಾಗಿ ಬರಲಿ ಅಂತ ಕಟ್ಟಿದ್ರೆ ಅದು ಇನ್ನೊಂದು ಮಾಲ್ ಆಗುತ್ತೆ, ಅಷ್ಟೇ. ಏನಂತೀರಿ?