ಸೂಚ್ಯಂಕದ ಕೆಳಸಾಲು, ಕಾಂಪೌಂಡಿನಾಚೆಯ ಕಸ

ಅಮೆರಿಕದ ಯೇಲ್ ಮತ್ತು ಕೊಲಂಬಿಯಾ ವಿಶ್ವವಿದ್ಯಾಲಯಗಳ ತಜ್ಞರು ಎರಡು ವರ್ಷಗಳಿಗೊಮ್ಮೆ ಪ್ರಕಟಿಸುವ ಪರಿಸರ ಸಾಧನೆ ಸೂಚ್ಯಂಕದಲ್ಲಿ 2022ರಲ್ಲಿ ಭಾರತಕ್ಕೆ ದೊರೆತದ್ದು 180 ದೇಶಗಳ ಪೈಕಿ 180ನೇ ಸ್ಥಾನ. ಲೆಕ್ಕಾಚಾರದ ವಿಧಾನವೇ ಸರಿಯಿಲ್ಲವೆಂದು ಕೇಂದ್ರ ಪರಿಸರ ಸಚಿವಾಲಯ ಅದನ್ನು ತಳ್ಳಿಹಾಕಿತು. 2024ರಲ್ಲಿ ನಮ್ಮ ಸ್ಥಾನ 176. ಅಗ್ರಸ್ಥಾನ ಪುಟ್ಟ ದೇಶ ಎಸ್ಟೋನಿಯದ ಪಾಲಾಯಿತು.

ಇಂಥ ಪಟ್ಟಿ ಹೊರಬಿದ್ದಾಗಲೆಲ್ಲ ನಮ್ಮ ಜನರಿಗೆ ನಾಗರಿಕ ಪ್ರಜ್ಞೆಯೇ ಇಲ್ಲ ಎಂಬ ಹಳಹಳಿಕೆ ಕೇಳಿಬರುತ್ತದೆ. ಇದು ಅರ್ಧಸತ್ಯ. ಎಸ್ಟೋನಿಯ ಮೇಲೇರಿದ್ದು ಅಲ್ಲಿನ ಪ್ರಜೆಗಳ ಸೌಜನ್ಯದಿಂದಲ್ಲ; ತೈಲಯುಕ್ತ ಶಿಲೆಯನ್ನು ಉರಿಸಿ ವಿದ್ಯುತ್ ತಯಾರಿಸುವುದನ್ನು ಗಣನೀಯವಾಗಿ ತಗ್ಗಿಸಿದ್ದರಿಂದ. ಉಷ್ಣವಿದ್ಯುತ್ ಸ್ಥಾವರದ ಹೊಗೆ ಯಾರ ವಿನಯಕ್ಕೂ ಮಣಿಯುವುದಿಲ್ಲ.

ಆದರೆ ಕಸದ ಮಾತು ಬೇರೆ. ಹಸಿ ಕಸವನ್ನು ಒಣ ಕಸದೊಡನೆ ಬೆರೆಸಿದರೆ ಎರಡೂ ಕೆಡುತ್ತವೆ. ಗುಡ್ಡೆಯಡಿ ಕೊಳೆತದ್ದು ಮೀಥೇನ್ ಆಗುತ್ತದೆ, ರಸ್ತೆಬದಿಯಲ್ಲಿ ಸುಟ್ಟದ್ದು ಗಾಳಿಯ ಸೂಕ್ಷ್ಮ ಕಣವಾಗುತ್ತದೆ. ಸೂಚ್ಯಂಕ ಎಣಿಸುವುದು ಇವನ್ನೇ. ಒಡೆದ ಗಾಜನ್ನು ಕಾಗದದಲ್ಲಿ ಸುತ್ತದೆ ಚೀಲಕ್ಕೆಸೆದರೆ ಪೌರಕಾರ್ಮಿಕರ ಅಂಗೈ ಸೀಳುತ್ತದೆ; ಅದನ್ನು ಎಣಿಸುವ ಅಂಕಣ ಯಾವ ಪಟ್ಟಿಯಲ್ಲಿಯೂ ಇಲ್ಲ. ಎರಡರ ಮೂಲವೂ ಒಂದೇ: ಚೀಲ ಮುಂದೆ ಯಾರ ಕೈಗೆ ಹೋಗುತ್ತದೆಂದು ಯೋಚಿಸದ ಉದಾಸೀನ. ಬೆಳಗಾದರೆ ಹೊಸ್ತಿಲು ತೊಳೆದು ರಂಗೋಲಿ ಇಡುವ ನಾವೇ ಎದುರಿನ ಖಾಲಿ ಸೈಟಿಗೆ ಕಸ ಎಸೆಯುತ್ತೇವೆ. ನಮ್ಮ ಶುಚಿತ್ವ ಕಾಂಪೌಂಡಿಗೇ ನಿಲ್ಲುತ್ತದೆ.

ಬೆಂಗಳೂರಿನ ಮಟ್ಟಿಗೆ ಆ ಕಾಂಪೌಂಡಿನಾಚೆಗೆ ಮಾವಳ್ಳಿಪುರವಿತ್ತು, ಮಂಡೂರು ಇತ್ತು. 2012ರಲ್ಲಿ ಮಾವಳ್ಳಿಪುರದ ಕಸದಗುಡ್ಡೆ ಮುಚ್ಚಿದಾಗ ನಗರದ ಬೀದಿಗಳೇ ನಾರತೊಡಗಿದವು. ಅದೇ ವರ್ಷ ಅಂದಿನ ಬಿಬಿಎಂಪಿ ಮನೆಯಲ್ಲೇ ಕಸ ಬೇರ್ಪಡಿಸುವುದನ್ನು ಕಡ್ಡಾಯಗೊಳಿಸಿತು. ದೇಶವ್ಯಾಪಿ ನಿಯಮ ಇದನ್ನೇ ವಿಧಿಸಿದ್ದು 2016ರಲ್ಲಿ. ನಿಯಮಕ್ಕೇನೋ ಕೊರತೆಯಿರಲಿಲ್ಲ. ಗೃಹಿಣಿ ಬೇರ್ಪಡಿಸಿಕೊಟ್ಟದ್ದನ್ನು ಆಟೋದವನು ಅವಳೆದುರೇ ಒಟ್ಟಿಗೆ ಸುರಿದರೆ ಮರುದಿನ ಅವಳೇಕೆ ಶ್ರಮಪಟ್ಟಾಳು? ನಾಗರಿಕನಿಂದ ಪರರ ಬಗೆಗೆ ಕಾಳಜಿಯನ್ನು ನಿರೀಕ್ಷಿಸುವ ಆಡಳಿತ, ಆ ಕಾಳಜಿ ವ್ಯರ್ಥವಾಗದಂತೆ ನೋಡಿಕೊಳ್ಳುವ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ.

ದುರ್ವಾಸನೆ, ನೊಣ, ಕೆಟ್ಟ ಅಂತರ್ಜಲಗಳಿಂದ ರೋಸಿಹೋದ ಮಂಡೂರಿನವರು 2014ರಲ್ಲಿ ಲಾರಿಗಳಿಗೆ ಅಡ್ಡ ನಿಂತರು. ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಲಾರಿಗಳು ಮಾತ್ರ ನಿಲ್ಲಲಿಲ್ಲ. ಮುಂದಿನ ವರ್ಷಗಳಲ್ಲಿ ಅವು ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಕ್ವಾರಿಗಳತ್ತ ತಿರುಗಿದವು.